ಸಂಪಾದಕರ ಉತ್ತರ: ಮೊದಲು ಒಂದು ಹೆಸರು ಕೇಳಿ

ಪ್ರಿಯ ಓದುಗರಿಗೆ,

ಹೆಸರು ಪ್ರಕಟಿಸಬಾರದೆಂದು ಕೋರಿದ್ದೀರಿ, ಹಾಗೆಯೇ ಆಗಲಿ. ಐದು ದೇಶಗಳ ಜನರಿರುವ ತಂಡಕ್ಕೆ ಸೇರಿ ನಾಲ್ಕು ತಿಂಗಳಾಯಿತು, ಕೆಲಸದ ಮಾತು ಬಿಟ್ಟರೆ ಬೇರೆ ಮಾತು ಹೊರಡುವುದಿಲ್ಲ, ಊಟದ ಹೊತ್ತಿಗೆ ಮೊಬೈಲ್ ಹಿಡಿದು ಮೂಲೆ ಸೇರುತ್ತೇನೆ ಎಂದು ಬರೆದಿದ್ದೀರಿ. 'ಏನಾದರೂ ತಪ್ಪಾಡಿ ಅವರ ಮನಸ್ಸು ನೋಯಿಸಿಬಿಟ್ಟರೆ? ಮೊದಲು ಆತ್ಮವಿಶ್ವಾಸ ಬರಲಿ, ಆಮೇಲೆ ಬೆರೆಯುತ್ತೇನೆ' ಎಂಬ ನಿಮ್ಮ ಸಾಲನ್ನು ಎರಡು ಸಲ ಓದಿದೆ. ನನಗೆ ತೊಡಕು ಕಾಣುವುದು ಆ 'ಆಮೇಲೆ'ಯಲ್ಲಿ.

'ಇದು ನನ್ನಿಂದಾಗುತ್ತದೆ' ಎಂಬ ನಂಬಿಕೆ ಹೇಗೆ ಬೆಳೆಯುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದರು. ನಮ್ಮಂಥವರೊಬ್ಬರು ಮಾಡುವುದನ್ನು ಕಂಡಾಗ, ಬೇಕಾದವರು ಬೆನ್ನು ತಟ್ಟಿದಾಗ ಅದು ಬೆಳೆಯುವುದುಂಟು. ಆದರೆ ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರುವುದು ಸ್ವತಃ ಮಾಡಿ ಮುಗಿಸಿದ ಕೆಲಸದಿಂದ. ಹಾಗಾಗಿ ಮಾಡಿ ಮುಗಿಸಬಹುದಾದಷ್ಟು ಚಿಕ್ಕ ಕೆಲಸವೊಂದನ್ನು ಹೇಳುತ್ತೇನೆ.

ಯಾರ ಹೆಸರು ಹೇಳಲು ಅಂಜಿ ಬರೀ ನಕ್ಕು ಮುಂದೆ ಹೋಗುತ್ತೀರೋ ಅವರ ಬಳಿಗೇ ಹೋಗಿ. 'ನಿಮ್ಮ ಹೆಸರನ್ನು ಸರಿಯಾಗಿ ಹೇಳಬೇಕೆಂಬ ಆಸೆ, ಒಮ್ಮೆ ಹೇಳಿಕೊಡುತ್ತೀರಾ?' ಎಂದು ಕೇಳಿ. ಅವರು ಹೇಳುತ್ತಾರೆ, ನೀವು ಹೇಳುತ್ತೀರಿ, ಎಲ್ಲೋ ಒಂದು ಸ್ವರ ಜಾರುತ್ತದೆ, ಅವರು ತಿದ್ದುತ್ತಾರೆ, ಇನ್ನೊಮ್ಮೆ ಹೇಳುತ್ತೀರಿ. ಒಂದು ನಿಮಿಷವೂ ಹಿಡಿಯದು. ನಾಲ್ಕು ತಿಂಗಳಿಂದ ಹೆದರಿದ್ದ ತಪ್ಪು ಅಷ್ಟರೊಳಗೆ ನಿಮ್ಮಿಂದ ಆಗಿಯೂ ಹೋಗಿರುತ್ತದೆ, ಅವರೇ ಅದನ್ನು ಸರಿಪಡಿಸಿಯೂ ಆಗಿರುತ್ತದೆ.

ಇನ್ನು, 'ನಾನು ಏನಾದರೂ ಕೇಳಿದರೆ ಒಬ್ಬರು ಉತ್ತರಿಸದೆ ಸುಮ್ಮನೆ ನೋಡುತ್ತಾರೆ' ಎಂದಿದ್ದೀರಿ. ಈ ನೋವು ನನಗೆ ಗೊತ್ತು. ವೃತ್ತಿಗೆ ಬಂದ ಹೊಸತರಲ್ಲಿ ಬೇರೆ ದೇಶದ ಛಾಯಾಗ್ರಾಹಕಿಯೊಬ್ಬರ ಜೊತೆ ಒಂದು ವಾರ ಕೆಲಸ ಮಾಡಿದ್ದೆ. ನಾನು ಕೇಳುವೆ, ಅವರು ಸುಮ್ಮನಿರುವರು. ನನ್ನ ಪ್ರಶ್ನೆ ಹಿಡಿಸಲಿಲ್ಲವೇನೋ ಎಂದು ಗಡಿಬಿಡಿಯಲ್ಲಿ ಇನ್ನೊಂದು ಕೇಳುವೆ. ಮೂರನೆಯ ದಿನ ಅವರು ಕ್ಯಾಮೆರಾ ಕೆಳಗಿಟ್ಟು, 'ನಿಮ್ಮ ಮೊದಲ ಪ್ರಶ್ನೆಗೆ ನಾನಿನ್ನೂ ಉತ್ತರ ಹೇಳಿಲ್ಲ' ಎಂದರು, ಬಹಳ ಮೆಲ್ಲಗೆ. ಆ ಮೌನ ನಿರಾಕರಣೆಯಾಗಿರಲಿಲ್ಲ, ಯೋಚನೆಯಾಗಿತ್ತು.

ಪ್ರಶ್ನೆಗೂ ಉತ್ತರಕ್ಕೂ ನಡುವಿನ ಬಿಡುವನ್ನು ಹತ್ತು ಭಾಷೆಗಳಲ್ಲಿ ಅಳೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಸರಾಸರಿ ಅತಿ ಬೇಗ ಉತ್ತರ ಬಂದದ್ದು ಜಪಾನಿ ಭಾಷೆಯಲ್ಲಿ, ಅತಿ ತಡವಾಗಿ ಡ್ಯಾನಿಶ್‌ನಲ್ಲಿ. ಇವೆರಡರ ನಡುವಿನ ವ್ಯತ್ಯಾಸ ಅರ್ಧ ಸೆಕೆಂಡಿಗಿಂತಲೂ ಕಡಿಮೆ! ಇಷ್ಟು ಸಣ್ಣ ಬಿಡುವನ್ನೇ ನಾವು ತಾತ್ಸಾರವೆಂದೋ ದುಡುಕೆಂದೋ ಓದಿಬಿಡುತ್ತೇವೆ. ಮುಂದಿನ ಸಲ ಕೇಳಿದ ಮೇಲೆ ಮನಸ್ಸಿನಲ್ಲೇ ಮೂರರವರೆಗೆ ಎಣಿಸಿ.

'ಬಡ್ತಿಗಾಗಿಯಾದರೂ ಬೆರೆಯಬೇಕು, ಆದರೆ ಮನಸ್ಸೇ ಬರುವುದಿಲ್ಲ' ಎಂಬ ಮಾತೂ ಪತ್ರದಲ್ಲಿದೆ. 2003ರಲ್ಲಿ ಸಾಂಸ್ಕೃತಿಕ ಬುದ್ಧಿಮತ್ತೆಯ ಬಗ್ಗೆ, ಅಂದರೆ ಬೇರೆ ಸಂಸ್ಕೃತಿಯವರೊಡನೆ ಹೊಂದಿಕೊಂಡು ನಡೆಯುವ ಸಾಮರ್ಥ್ಯದ ಬಗ್ಗೆ, ಬರೆದ ಸಂಶೋಧಕರಾದ ಕ್ರಿಸ್ಟೋಫರ್ ಅರ್ಲಿ ಮತ್ತು ಸೂನ್ ಆಂಗ್, ತಿಳಿವಳಿಕೆ, ನಡವಳಿಕೆಗಳ ಜೊತೆಗೆ ಪ್ರೇರಣೆಯನ್ನೂ ಅದರ ಅಂಗವೆಂದೇ ಎಣಿಸಿದರು. ಬಡ್ತಿಯ ಆಸೆ ತಪ್ಪಲ್ಲ, ಆದರೆ ಊಟದ ಮೇಜಿನ ಮುಂದೆ ಅದು ಬೇಗ ದಣಿಯುತ್ತದೆ. ಒಂದು ಸಂಸ್ಕೃತಿಯನ್ನೇ ಅರಿಯುತ್ತೇನೆಂದು ಹೊರಡಬೇಡಿ. ಒಬ್ಬ ವ್ಯಕ್ತಿಯ ಬಗ್ಗೆ ನಿಮಗೆ ನಿಜವಾಗಿ ಕುತೂಹಲವಿರುವ ಒಂದೇ ಸಂಗತಿ ಸಾಕು: ಅವರು ಈ ಕೆಲಸ ಯಾರಿಂದ ಕಲಿತರು, ರಾತ್ರಿ ಏನು ಓದುತ್ತಾರೆ. ವಾರಕ್ಕೆ ಎರಡು ದಿನ ಹೀಗೆ ಕುಳಿತರೆ ಸಾಕು. ಉಳಿದ ದಿನ ಒಬ್ಬರೇ ಊಟ ಮಾಡಿ, ಅಳುಕು ಬೇಡ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ನಿಮ್ಮ ಉಚ್ಚಾರಣೆಯನ್ನು ಯಾರಾದರೂ ಅಣಕಿಸಿದರೆ ಅದು ನಿಮ್ಮ ಕೊರತೆಯಲ್ಲ, ತಂಡದ ಮುಖ್ಯಸ್ಥರಿಗೆ ತಿಳಿಸಿ. ಭಿನ್ನ ಗುಂಪುಗಳ ಒಡನಾಟ ಫಲ ಕೊಡಲು ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರದ ಜೊತೆಗೆ ಸಂಸ್ಥೆಯ ಬೆಂಬಲವೂ ಬೇಕೆಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದಿದ್ದರು. ಈ ಹೊರೆಯನ್ನು ನೀವೊಬ್ಬರೇ ಹೊರಬೇಕಾಗಿಲ್ಲ.

ನಾಳೆ ಆ ಹೆಸರು ಕೇಳಿ ಬನ್ನಿ. ಅದರ ಯಾವ ಅಕ್ಷರ ನಿಮ್ಮ ನಾಲಿಗೆಗೆ ತೊಡಕಾಯಿತೆಂದು ನನಗೆ ಬರೆಯಿರಿ.

– ಸಂ.