ಬೇಕಂತಲೇ ಕ್ಯಾಮೆರಾ ಅಲುಗಿಸಿ ತೆಗೆಯುವ ಚಿತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಶಟರ್ ತೆರೆದಿರುವಾಗಲೇ ಕ್ಯಾಮೆರಾ ಸರಿಸಿ, ಕಾಡನ್ನು ಬರೀ ಬಣ್ಣದ ಪಟ್ಟೆಗಳಾಗಿ ತೆಗೆದ ಫೋಟೊ ನೋಡಿದ್ದೇನೆ. ಎಲ್ಲವೂ ಚಳಿ ದೇಶಗಳ ಎಲೆ ಉದುರುವ ಕಾಲದವು. ನಮ್ಮಲ್ಲಿ ಅಂಥ ಬಣ್ಣ ಸಿಗುತ್ತದೆಯೆ? ನಾನು ತೆಗೆದವೆಲ್ಲ ಕೈ ನಡುಗಿದಂತೆ ಬರುತ್ತಿವೆ.
– ಓದುಗರು, ಖಾನಾಪುರ

ಉತ್ತರ: ಸಿಗುತ್ತದೆ, ಆದರೆ ಅಕ್ಟೋಬರಿನಲ್ಲಿ ಹುಡುಕಬೇಡಿ. ಅಲ್ಲಿ ಮೇಪಲ್ ಕೆಂಪಾಗುವ ಹೊತ್ತಿಗೆ ನಿಮ್ಮ ಕಾಡು ಇನ್ನೂ ಮಳೆಯ ಹಸಿರಿನಲ್ಲೇ ಇರುತ್ತದೆ. ಸಾಗವಾನಿ ಎಲೆ ಹಳದಿ, ಕಂದಾಗಿ ಉದುರುವುದು ಚಳಿಗಾಲದಲ್ಲಿ. ಫೆಬ್ರುವರಿ, ಮಾರ್ಚಿನಲ್ಲಿ ಬೋಳು ಕೊಂಬೆಗಳ ಮೇಲೆ ಮುತ್ತುಗ ಕೇಸರಿಯಾಗಿ ಅರಳುತ್ತದೆ. ಈ ಬಗೆಯ ಚಿತ್ರಕ್ಕೆ ನಮ್ಮ ಸೀಮೆಯಲ್ಲಿ ಅದೇ ಸುಗ್ಗಿ. ಭೀಮಗಡ ವನ್ಯಧಾಮದೊಳಗೆ ಅನುಮತಿಯಿಲ್ಲದೆ ಕಾಲಿಡಬೇಡಿ; ರಸ್ತೆ ಬದಿಯ ಮರಗಳೇ ಧಾರಾಳ ಸಾಕು.

ಕೈ ನಡುಗಿದಂತೆ ಕಾಣಲು ಹೆಚ್ಚಾಗಿ ಎರಡು ಕಾರಣ. ಶಟರ್ 1/30, 1/15 ಸೆಕೆಂಡಿನಲ್ಲಿದ್ದರೆ ಗೆರೆ ಬೆಳೆಯುವ ಮೊದಲೇ ಮುಗಿದುಹೋಗುತ್ತದೆ. ಇನ್ನೊಂದು, ಕೈ ಹೋದ ದಿಕ್ಕಿಗೂ ಮರ ನಿಂತ ದಿಕ್ಕಿಗೂ ತಾಳೆಯಾಗುವುದಿಲ್ಲ. ದೃಶ್ಯದಲ್ಲಿ ಆಗಲೇ ಇರುವ ಗೆರೆಯ ಗುಂಟವೇ ಕ್ಯಾಮೆರಾ ಸಾಗಬೇಕು: ಮರಕ್ಕೆ ಮೇಲಿಂದ ಕೆಳಗೆ, ಹೊಲಕ್ಕೆ ಅಡ್ಡಕ್ಕೆ. ಕಾಂಡಕ್ಕೆ ಅಡ್ಡಲಾಗಿ ಎಳೆದರೆ ಮರವೇ ಅಳಿಸಿಹೋಗುತ್ತದೆ.

ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ; ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು) ಎಫ್/16, ಶಟರ್ 1/2 ಸೆಕೆಂಡಿನಿಂದ ಶುರುಮಾಡಿ. ಬೆಳಗಿನ ಎಳೆ ಬಿಸಿಲಿಗೆ 3 ಸ್ಟಾಪಿನ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಮಬ್ಬು ಗಾಜು; ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ) ಹಾಕಿದರೆ ಈ ಲೆಕ್ಕ ಕೂಡುತ್ತದೆ. ಮಟಮಟ ಮಧ್ಯಾಹ್ನ ಎಫ್/16ಕ್ಕೆ ಸುಮಾರು 1/125 ಬರುವುದರಿಂದ 6 ಸ್ಟಾಪ್ ಬೇಕು. ಲೆನ್ಸಿನ ಐಎಸ್ ಅಥವಾ ವಿಆರ್ (ಅಲುಗಾಟ ತಡೆಯುವ ವ್ಯವಸ್ಥೆ) ಆಫ್ ಮಾಡಿ. ಇಲ್ಲದಿದ್ದರೆ ಅದು ನಿಮ್ಮ ಕೈಗೆ ಎದುರಾಗಿ ಎಳೆದು ಗೆರೆಯನ್ನು ಡೊಂಕು ಮಾಡುತ್ತದೆ. ಫೋಕಸ್ ಕಾಂಡದ ಮೇಲೆ ಹಿಡಿದು ಮ್ಯಾನುವಲ್‌ಗೆ ಬದಲಿಸಿ.

ಶಟರ್ ಒತ್ತುವ ಮೊದಲೇ ಕೈ ಹೊರಟಿರಬೇಕು, ಮುಚ್ಚಿದ ಮೇಲೂ ಸಾಗುತ್ತಿರಬೇಕು. ನಡುವೆ ತಡೆದರೆ ಪ್ರತಿ ಗೆರೆಯ ತುದಿಗೂ ಕೊಕ್ಕೆಯಂಥ ಗುರುತು ಬೀಳುತ್ತದೆ. ಕಾಂಡದ ಆಕಾರ ತುಸು ಉಳಿಯಲಿ ಎನಿಸಿದರೆ ಮಾತ್ರ ಮೊದಲರ್ಧ ಹೊತ್ತು ಅಲುಗದೆ ಹಿಡಿದು, ಉಳಿದರ್ಧದಲ್ಲಿ ಎಳೆಯಿರಿ. ನಮಗೆ ಹೆಚ್ಚು ಮೆಚ್ಚುಗೆಯಾಗುವುದು ಈ ರೀತಿಯೇ. ಎಲೆಗಳ ಸಂದಿಯ ಆಕಾಶದ ಮೇಲೂ ಕಣ್ಣಿರಲಿ. ಅಲ್ಲೊಂದು ಚಿಕ್ಕ ಬಿಳಿ ಕಿಂಡಿಯಿದ್ದರೂ ಎಳೆದಾಗ ಅದು ಚಿತ್ರದುದ್ದಕ್ಕೂ ಸುಣ್ಣ ಬಳಿದಂತೆ ಇಳಿಯುತ್ತದೆ. ಆಕಾಶ ಬಿಟ್ಟು ಚೌಕಟ್ಟು ಕಟ್ಟಿ.

ಪ್ರಶ್ನೆ: ಕುಸುಬಿ ಹೊಲವನ್ನು ಅಡ್ಡಕ್ಕೆ ಎಳೆದು ತೆಗೆದರೆ ಹೂವಿನ ಹಳದಿ ಬಿಳಚಿಕೊಳ್ಳುತ್ತದೆ. ಯಾಕೆ?
– ಓದುಗರು, ಸಿಂದಗಿ

ಉತ್ತರ: ನಿಮ್ಮ ಎರಿ ಮಣ್ಣು ಕ್ಯಾಮೆರಾದ ಬೆಳಕಿನ ಮೀಟರನ್ನು ದಾರಿ ತಪ್ಪಿಸುತ್ತಿದೆ. ಕಪ್ಪು ನೆಲ ಕಂಡ ಕೂಡಲೇ ಕ್ಯಾಮೆರಾ ಬೆಳಕು ಸಾಲದೆಂದು ತಿಳಿದು ಹೆಚ್ಚು ಎಕ್ಸ್‌ಪೋಸ್ ಮಾಡುತ್ತದೆ. ಕಾಂಪೆನ್ಸೇಶನ್ (ಕ್ಯಾಮೆರಾ ತಾನೇ ಆರಿಸಿದ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಸೌಲಭ್ಯ) −2/3 ರಿಂದ −1ರವರೆಗೆ ಇಳಿಸಿ ನೋಡಿ. ಇನ್ನೂ ಒಂದಿದೆ: ಕುಸುಬಿ ಹೂ ಚುಕ್ಕಿಚುಕ್ಕಿಯಾಗಿರುವುದರಿಂದ ಎಳೆದಾಗ ಹಳದಿಯೊಳಗೆ ಎಲೆಯ ಹಸಿರು, ಮಣ್ಣಿನ ಕಪ್ಪು ಬೆರೆಯುತ್ತವೆ. ಬಗ್ಗಿ ಹೂವಿನ ಮಟ್ಟಕ್ಕೆ ಕ್ಯಾಮೆರಾ ತಂದು, 70–200 ಎಂಎಂ ಜೂಮ್ ಲೆನ್ಸಿನಲ್ಲಿ ದೂರದ ಸಾಲುಗಳನ್ನು ಒತ್ತೊತ್ತಾಗಿ ತುಂಬಿಸಿ, 1/8 ರಿಂದ 1/4 ಸೆಕೆಂಡಿನಲ್ಲಿ ತೆಗೆಯಿರಿ. ಪೋಲರೈಸರ್ ಎಲೆಯ ಮಿಂಚು ತೆಗೆಯುತ್ತದೆ, ಒಂದೂವರೆ–ಎರಡು ಸ್ಟಾಪ್ ಬೆಳಕನ್ನೂ ಕಡಿಮೆ ಮಾಡುತ್ತದೆ. ಟ್ರೈಪಾಡ್ ಮೇಲೆ ತಿರುಗಿಸುವುದಾದರೆ ಮೊದಲು ಮಟ್ಟ ನೋಡಿಕೊಳ್ಳಿ, ಇಲ್ಲವಾದರೆ ಗೆರೆಗಳೆಲ್ಲ ಓರೆಯಾಗುತ್ತವೆ.

ಪ್ರಶ್ನೆ: ಅಗಸ್ತ್ಯ ತೀರ್ಥ ಕೆರೆಯ ನೀರಿನಲ್ಲಿ ಕಾಣುವ ಕೆಂಪು ಬಂಡೆಯನ್ನು ಮೊಬೈಲಿನಲ್ಲಿ ಹೀಗೆ ತೆಗೆಯಬಹುದೆ?
– ಓದುಗರು, ಬಾದಾಮಿ

ಉತ್ತರ: ತೆಗೆಯಬಹುದು, ಆದರೆ ಫಿಲ್ಟರ್ ಬೇಕೇಬೇಕು. ಹೆಚ್ಚಿನ ಮೊಬೈಲುಗಳ ಅಪರ್ಚರ್ ಎಫ್/1.8ರ ಆಸುಪಾಸಿನಲ್ಲಿ ಕದಲದೆ ನಿಂತಿರುತ್ತದೆ, ಕಿರಿದು ಮಾಡಲಾಗದು. ಹಾಗಾಗಿ ಸೂರ್ಯ ಮುಳುಗಿದ ಕೂಡಲೇ 1/4 ಸೆಕೆಂಡ್ ಇಟ್ಟರೂ ಚಿತ್ರ ಬೆಳ್ಳಗಾಗುತ್ತದೆ. 6 ಸ್ಟಾಪಿನ ಎನ್‌ಡಿ ಫಿಲ್ಟರನ್ನು ಲೆನ್ಸಿಗೆ ಒತ್ತಿ ಹಿಡಿದು, ಪ್ರೊ ಮೋಡಿನಲ್ಲಿ (ಶಟರ್ ಮುಂತಾದವನ್ನು ನಾವೇ ಆರಿಸುವ ಮೋಡ್) ಐಎಸ್‌ಒ ಅತಿ ಕಡಿಮೆಗೆ ಇಳಿಸಿ. ನೈಟ್ ಮೋಡ್ ಬೇಡವೇ ಬೇಡ. ಅದು ಹಲವು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ, ನೀವು ಬೇಕೆಂದು ಮಾಡಿದ ಅಲುಗಾಟವನ್ನೇ ಒರೆಸಿಹಾಕುತ್ತದೆ.

ಪ್ರಶ್ನೆ: ಚಿತ್ರವೆಲ್ಲ ಮಸುಕಾಗಿದ್ದರೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕಿಗಳು ಕಾಣುತ್ತವೆ.
– ಓದುಗರು, ಗೋಕಾಕ

ಉತ್ತರ: ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ ಮೇಲಿನ ಧೂಳು. ಅದು ಕ್ಯಾಮೆರಾ ಜೊತೆಗೇ ಚಲಿಸುವುದರಿಂದ ಮಸುಕಾಗುವುದಿಲ್ಲ. ಎಫ್/22ರಲ್ಲಿ ಎದ್ದು ಕಾಣುತ್ತದೆ. ಎಫ್/11ಕ್ಕೆ ಬಂದು, ಇನ್ನೂ 2 ಸ್ಟಾಪ್ ದಟ್ಟವಾದ ಫಿಲ್ಟರ್ ಹಾಕಿ. ಮೊದಲು ಕೈ ಬ್ಲೋವರಿನಿಂದ ಗಾಳಿ ಊದಿ ನೋಡಿ, ಬಾಯಿಂದ ಊದಬೇಡಿ. ಜೋಳದ ರಾಶಿ ನಡೆದಿರುವ ಹೊಲದ ಹತ್ತಿರ ಲೆನ್ಸ್ ಬದಲಿಸಲೇಬೇಡಿ.