ಓದುಗರ ಪ್ರಶ್ನೆ, ನಮ್ಮ ಉತ್ತರ: ಲಾಸ್ ಕವರ್ ಆದ್ಮೇಲೆ ಬಿಡ್ತೀನಿ ಅನ್ನೋರಿಗೆ

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಬೆಟ್ಟಿಂಗ್ ಆ್ಯಪ್ ಬಗ್ಗೆನೇ ಇವೆ. ಹಂಗಾಗಿ ಪಿಎಫ್, ಜಮೀನು ಪೋಡಿ ಅಂತ ಕೇಳಿದೋರು ಮುಂದಿನ ಸಂಚಿಕೆವರೆಗೂ ಸ್ವಲ್ಪ ತಾಳ್ಕೊಳಿ. ಹೆಸರು ಯಾರದ್ದೂ ಹಾಕ್ತಿಲ್ಲ.

ಪ್ರಶ್ನೆ: ಫ್ರೆಂಡ್ ಲಿಂಕ್ ಕಳ್ಸಿದ, 500 ಹಾಕಿ ಶುರು ಮಾಡಿದೆ, ಮೊದಲ ವಾರನೇ 11 ಸಾವಿರ ಗೆದ್ದೆ, ದುಡ್ಡು ಅಕೌಂಟಿಗೂ ಬಂತು. ಈಗ ಎರಡು ಲಕ್ಷದ ಮೇಲೆ ಹೋಗಿದೆ. ಸೋತಾಗೆಲ್ಲ ಡಬಲ್ ಹಾಕ್ತೀನಿ, ಒಂದಲ್ಲ ಒಂದ್ಸಲ ಹೊಡೀಲೇಬೇಕಲ್ವಾ? ಲಾಸ್ ಕವರ್ ಆದ್ರೆ ಸಾಕು, ಬಿಟ್ಬಿಡ್ತೀನಿ. ನಂಬಿಕಸ್ಥ ಆ್ಯಪ್ ಇದ್ರೆ ಹೇಳಿ. (24 ವರ್ಷ, ದಾವಣಗೆರೆ)

ಉತ್ತರ: ತಮ್ಮಾ, ಆ್ಯಪ್ ಹೆಸರು ನಾನು ಹೇಳಲ್ಲ, ಲೆಕ್ಕ ಹೇಳ್ತೀನಿ. ಎರಡೂ ಟೀಮ್ ಸಮಬಲ ಇದ್ದಾಗ ಆ್ಯಪಲ್ಲಿ ರೇಟ್ ಸಾಮಾನ್ಯವಾಗಿ 1.90 ಆಸುಪಾಸು ಇರುತ್ತೆ ನೋಡು, ಅಂದ್ರೆ 100 ಹಾಕಿ ಗೆದ್ರೆ 190 ವಾಪಸ್. ಆ ಕಡೆ ಒಬ್ಬ 100, ಈ ಕಡೆ ಒಬ್ಬ 100 ಹಾಕಿದ್ರೆ ಗೆದ್ದೋನಿಗೆ 190 ಕೊಟ್ಟು ಹತ್ತು ರೂಪಾಯಿ ಆ್ಯಪ್ ಜೇಬಿಗೆ, ಯಾರೇ ಗೆಲ್ಲಲಿ ಅವನಿಗೇನು. ನಿನ್ನ ಪಾಲಿಗೆ ನೂರಕ್ಕೆ ಐದು ರೂಪಾಯಿ ಸರಾಸರಿ ಲಾಸು. ಐದೇ ತಾನೇ ಅನ್ಬೇಡ. ಒಂದು ಐಪಿಎಲ್ ಮ್ಯಾಚಲ್ಲಿ ಸಾವಿರದ ಹಂಗೆ ಹತ್ತು ಸಲ ಕಟ್ಟಿದ್ರೆ ಹತ್ತು ಸಾವಿರ ಓಡಾಡ್ತು, 500 ಹೋಯ್ತು, 74 ಮ್ಯಾಚಿಗೆ 37 ಸಾವಿರ. ಇದು ಮೋಸನೇ ಇಲ್ಲದ ಆ್ಯಪಿನ ಕಥೆ ಮತ್ತೆ!

ಡಬಲ್ ಹಾಕೋ ಐಡಿಯಾ ಇನ್ನೂ ಕೆಟ್ಟದ್ದು. 500ರಿಂದ ಶುರು ಮಾಡಿ ಎಂಟು ಸಲ ಸತತ ಸೋತ್ರೆ 1,27,500 ಹೋಗಿರುತ್ತೆ, ಒಂಬತ್ತನೇ ಸಲಕ್ಕೆ 1,28,000 ಬೇಕು. ಸರಿ, ಸಾಲ ಮಾಡಿ ಹಾಕಿದೆ, ಗೆದ್ದೂ ಬಿಟ್ಟೆ ಅಂತಿಟ್ಕೋ, 1.90 ರೇಟಲ್ಲಿ ಲಾಭ ಬರೋದು 1,15,200. ಅಂದ್ರೆ ಗೆದ್ದ ಮೇಲೂ 12,300 ಮೈನಸ್ಸು. ಎಂಟು ಸಲ ಸತತ ಎಲ್ಲಿ ಸೋಲ್ತಾರೆ ಅಂತೀಯಾ? 1913ರಲ್ಲಿ ಮಾಂಟೆ ಕಾರ್ಲೋ ಕ್ಯಾಸಿನೋದ ರೂಲೆಟ್ ಟೇಬಲಲ್ಲಿ (ಕೆಂಪು, ಕಪ್ಪು ಮನೆ ಇರೋ ಚಕ್ರ ತಿರುಗಿಸೋ ಜೂಜು) ಸತತ 26 ಸಲ ಕಪ್ಪೇ ಬಂತು, ಈಗ ಕೆಂಪು ಬರ್ಲೇಬೇಕು ಈಗ ಬರ್ಲೇಬೇಕು ಅಂತ ಜನ ಕೆಂಪಿನ ಮೇಲೆ ಸುರಿದೂ ಸುರಿದೂ ಬರಿಗೈ ಆದ್ರು. ಹಿಂದಿನ ಸುತ್ತಲ್ಲಿ ಏನಾಯ್ತು ಅಂತ ಚಕ್ರಕ್ಕೆ ಜ್ಞಾಪಕ ಇರಲ್ಲ ಕಣಪ್ಪಾ.

ನಿನ್ನ ಪತ್ರದಲ್ಲಿ ನಂಗೆ ಭಯ ಆಗಿದ್ದು ಎರಡು ಲಕ್ಷ ನೋಡಿ ಅಲ್ಲ, ಆ 11 ಸಾವಿರ ನೋಡಿ. ಮೊದಲ ದಿನನೇ ಸೋತಿದ್ರೆ ಥೂ ಅಂತ ಡಿಲೀಟ್ ಮಾಡಿರ್ತಿದ್ದೆ. ಶುರುವಲ್ಲಿ ಸಣ್ಣ ಮೊತ್ತ ಗೆಲ್ಲಿಸಿ, ಕೇಳಿದ ತಕ್ಷಣ ವಿತ್‌ಡ್ರಾ ಕೊಟ್ಟು ನಂಬಿಸೋ ಆ್ಯಪ್‌ಗಳು ಬೇಕಾದಷ್ಟಿವೆ, ದೊಡ್ಡ ಮೊತ್ತ ಕೇಳಿದಾಗ ಟ್ಯಾಕ್ಸ್ ಕಟ್ಟಿ, ವೆರಿಫಿಕೇಶನ್ನಿಗೆ ಇಷ್ಟು ಹಾಕಿ ಅಂತ ಶುರು. ಅದಿಲ್ಲದಿದ್ರೂ ಯಾವಾಗ ಗೆಲುವು ಬರುತ್ತೋ ಗೊತ್ತಿಲ್ಲ ಅನ್ನೋದೇ ಮೆದುಳಿಗೆ ಹಿಡಿಸೋ ಮದ್ದು. ದಿನಾ ಸಂಜೆ ತಪ್ಪದೆ ನೂರು ರೂಪಾಯಿ ಕೊಟ್ಟಿದ್ರೆ ನಿಂಗೇ ಬೋರಾಗ್ತಿತ್ತು. ಒಂದೇ ರನ್ನಲ್ಲಿ ಹೋಯ್ತಲ್ಲಾ, ವಿಮಾನ ಹಾರೋ ಆಟದಲ್ಲಿ ಒಂದೇ ಸೆಕೆಂಡಲ್ಲಿ ಹೋಯ್ತಲ್ಲಾ ಅನ್ಸುತ್ತಲ್ಲ, ಕೂದಲೆಳೆಯಲ್ಲಿ ತಪ್ಪಿದ ಸೋಲು ಸೋಲು ಅಂತಾನೇ ಅನ್ಸಲ್ಲ, ಇನ್ನೊಂದ್ಸಲ ಒತ್ತು ಅನ್ಸುತ್ತೆ. ಹಿಂದೆ ಓಸಿ ಬರೆಸಿದೋರು ನಂಬರ್ ಬರೋವರೆಗೂ ಕಾಯ್ಬೇಕಿತ್ತು, ಆ ಗ್ಯಾಪಲ್ಲಿ ಸ್ವಲ್ಪನಾದ್ರೂ ಬುದ್ಧಿ ವಾಪಸ್ ಬರ್ತಿತ್ತು. ಈಗ ಬಾಲ್ ಬಾಲಿಗೂ ಬೆಟ್ಟು, ರಾತ್ರಿ ಮೂರು ಗಂಟೆಗೆ ಯಾವ್ದೋ ದೇಶದ ಟೇಬಲ್ ಟೆನಿಸ್ ಮೇಲೂ ಬೆಟ್ಟು.

ಆ ಎರಡು ಲಕ್ಷ ಹೋಯ್ತು ಅಂತ ಇವತ್ತೇ ಬರ್ಕೊಂಡು ಬಿಡು. ಆಮೇಲೆ ಮನೇಲಿ ನಿಂಗೆ ಯಾರ ಹತ್ರ ಧೈರ್ಯ ಜಾಸ್ತಿನೋ, ಅಕ್ಕನೋ ಚಿಕ್ಕಪ್ಪನೋ, ಅವರ ಮುಂದೆ ಸ್ಟೇಟ್‌ಮೆಂಟ್ ಇಡು, ಮೊತ್ತ ಕಮ್ಮಿ ಮಾಡಿ ಹೇಳ್ಬೇಡ. ಅರ್ಧ ಮುಚ್ಚಿಟ್ರೆ ಆ ಅರ್ಧ ತೀರಿಸೋಕೆ ಅಂತ ಮತ್ತೆ ಆಡ್ತೀಯ.

ಪ್ರಶ್ನೆ: ಟೆಲಿಗ್ರಾಮಲ್ಲಿ ಒಬ್ಬರು ನಾಲ್ಕು ಮ್ಯಾಚು ಕರೆಕ್ಟಾಗಿ ಹೇಳಿದ್ರು. ಐದನೇದಕ್ಕೆ ಫೀಸ್ ಕೇಳ್ತಿದಾರೆ, ಕೊಡ್ಬಹುದಾ? (ತುಮಕೂರು)

ಉತ್ತರ: 1600 ಜನಕ್ಕೆ ಮೆಸೇಜ್ ಹಾಕಿ, ಅರ್ಧ ಜನಕ್ಕೆ ಈ ಟೀಮು, ಅರ್ಧ ಜನಕ್ಕೆ ಆ ಟೀಮು ಅಂತ ಹೇಳಿ. ಸರಿ ಹೋದ 800 ಜನಕ್ಕೆ ಮತ್ತೆ ಹಂಗೇ. ನಾಲ್ಕು ಮ್ಯಾಚ್ ಮುಗಿಯೋ ಹೊತ್ತಿಗೆ 100 ಜನರ ಪಾಲಿಗೆ ನೀವೇ ದೇವ್ರು, ಫೀಸ್ ಅವರ ಹತ್ರ ಕೇಳಿ. ಆ ಟೆಲಿಗ್ರಾಮ್‌ನವರಿಗೆ ನಿಜಕ್ಕೂ ಗೊತ್ತಿದ್ರೆ ನಿಮ್ಮ ಫೀಸ್ ಯಾಕ್ರೀ ಬೇಕು?

ಪ್ರಶ್ನೆ: ಬ್ಯಾನ್ ಆಯ್ತು ಅಂತಾರೆ, ಆದ್ರೂ ಆ್ಯಪ್ ಓಡ್ತಾನೇ ಇವೆ. ಆಡಿದೋರ ಮೇಲೂ ಕೇಸಾ? ರೇಸ್ ಕೋರ್ಸಲ್ಲಿ ಕುದುರೆ ಮೇಲೆ ಕಟ್ಟಬಹುದಂತೆ, ಇದ್ಯಾಕೆ ಬೇಡ? (ಮೈಸೂರು)

ಉತ್ತರ: ನಮ್ಮ ರಾಜ್ಯ 2021ರಲ್ಲೇ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಮಾಡಿ ಆನ್‌ಲೈನ್ ಜೂಜು ನಿಲ್ಸೋಕೆ ಹೋಗಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನ ರದ್ದು ಮಾಡ್ತು. ಆಮೇಲೆ 2025ರ ಆಗಸ್ಟಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾನೂನು ಪಾಸ್ ಮಾಡ್ತು, ದುಡ್ಡು ಕಟ್ಟಿ ಆಡ್ಸೋ ಆಟಕ್ಕೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ, ಜಾಹೀರಾತು ಕೊಟ್ರೆ ಎರಡು ವರ್ಷ, 50 ಲಕ್ಷದವರೆಗೆ. ವರ್ಷಕ್ಕೆ 45 ಕೋಟಿ ಜನ ಸುಮಾರು 20 ಸಾವಿರ ಕೋಟಿ ಕಳ್ಕೊಳ್ತಿದಾರೆ ಅನ್ನೋದು ಆಗ ಸರ್ಕಾರ ಕೊಟ್ಟ ಅಂದಾಜು. ಟೀಮ್ ಇಂಡಿಯಾ ಜೆರ್ಸಿ ಮೇಲಿದ್ದ ಡ್ರೀಮ್ ಇಲೆವೆನ್ ಕೂಡ ದುಡ್ಡಿನ ಆಟ ನಿಲ್ಸಿ, ಜೆರ್ಸಿಯಿಂದಲೂ ಹೋಯ್ತು. ಈ ಕಾನೂನಿನ ಗುರಿ ಆಡ್ಸೋರು, ಆಡೋರಿಗೆ ಅದರಲ್ಲಿ ಶಿಕ್ಷೆ ಇಲ್ಲ, ಆ ಹೆದರಿಕೆಯಿಂದ ದೂರು ಕೊಡದೆ ಕೂರ್ಬೇಡಿ. ಇನ್ನೂ ಓಡ್ತಿರೋವು ಬಹುತೇಕ ಹೊರದೇಶದ ಸರ್ವರಿಂದ ಬರೋವು, ಒಂದು ಬ್ಲಾಕ್ ಆದ್ರೆ ಹೆಸರಲ್ಲಿ ಒಂದಕ್ಷರ ಬದಲಾಯಿಸಿ ಮತ್ತೆ ಹಾಜರು. ಪ್ಲೇ ಸ್ಟೋರಲ್ಲಿ ಸಿಗದೆ ವಾಟ್ಸಾಪಲ್ಲಿ ಎಪಿಕೆ ಫೈಲ್ (ನೇರವಾಗಿ ಆ್ಯಪ್ ಇನ್‌ಸ್ಟಾಲ್ ಮಾಡೋ ಫೈಲ್) ಬಂತು ಅಂದ್ರೆ ದೂರ ಇರಿ, ಅದು ನಿಮ್ಮ ಓಟಿಪಿನೂ ಓದಬಹುದು.

ಕುದುರೆ ರೇಸು ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ, ಅದಕ್ಕೇ ನಡೀತಿದೆ. ಅಲ್ಲಿ ಮನೆ ಮಾರ್ಕೊಂಡೋರು ಇಲ್ಲ ಅಂತ ಕೋರ್ಟೇನೂ ಹೇಳಿಲ್ಲ.

ಪ್ರಶ್ನೆ: ನಾವು ಬೈಲಹೊಂಗಲ ಕಡೆಯವರ್ರಿ. ಮಗ ಹುಬ್ಬಳ್ಳ್ಯಾಗ ಕೆಲಸಕ್ಕ ಅದಾನ. ಮನಿಗೆ ರೊಕ್ಕ ಕಳ್ಸೂದು ಬಂದ್ ಮಾಡ್ಯಾನ, ಬೈಕ್ ಎಲ್ಲಿ ಅಂದ್ರ ಗ್ಯಾರೇಜಿನ್ಯಾಗ ಐತಿ ಅಂತಾನ. ಮೊನ್ನೆ ಯಾರೋ ಮನಿಗೆ ಬಂದು ನಿಮ್ಮ ಹುಡುಗ ಬೆಟ್ಟಿಂಗ್ ರೊಕ್ಕ ಕೊಡಬೇಕು ಅಂದ್ರು. ಹೊಲಾ ಒತ್ತಿ ಹಾಕಿ ತೀರಿಸ್ಲೇನ್ರಿ?

ಉತ್ತರ: ಅಕ್ಕಾರ, ಹೊಲದ ಸುದ್ದಿಗೆ ಹೋಗ್ಬೇಡ್ರಿ. ಬಾಜಿ ಕಟ್ಟಿದ ಕರಾರಿಗೆ ಬೆಲೆನೇ ಇಲ್ಲ ಅಂತ 1872ರ ಕರಾರು ಕಾಯ್ದೆ 30ನೇ ಕಲಂ ಹೇಳುತ್ತೆ, ಬುಕ್ಕಿ ಅದನ್ನ ಕೋರ್ಟಿಗೆ ಹೋಗಿ ವಸೂಲಿ ಮಾಡೋಕೆ ಆಗಲ್ಲ. ಮತ್ತೆ ಬಂದು ಹೆದರಿಸಿದ್ರೆ ಪೊಲೀಸ್ ಕಂಪ್ಲೇಂಟ್ ಕೊಡಿ. ಬ್ಯಾಂಕು, ಸಂಘ, ಲೋನ್ ಆ್ಯಪಿನ ಸಾಲ ಬೇರೆ, ಅದರ ಪಟ್ಟಿ ಮಗನ ಕೈಲೇ ಬರೆಸಿ. ಒಟ್ಟಿಗೆ ನೀವೇ ತೀರಿಸಿಬಿಟ್ರೆ ಮುಂದಿನ ತಿಂಗಳು ಅವನು ಮತ್ತೆ ಜೀರೋದಿಂದ ಶುರು ಮಾಡ್ತಾನೆ, ಎಷ್ಟೋ ಮನೇಲಿ ಆಗಿದ್ದೇ ಇದು. ಕಂತು ಅವನ ಸಂಬಳದಿಂದಲೇ ಹೋಗ್ಲಿ, ಆದ್ರೆ ಸಂಬಳದ ಅಕೌಂಟು ಕೆಲವು ತಿಂಗಳು ಮನೆಯವರೊಬ್ಬರು ನೋಡ್ಕೊಳ್ಳಲಿ, ಯುಪಿಐ ಲಿಮಿಟ್ ಕಮ್ಮಿ ಮಾಡಿಸಿ.

ಬೈಯೋದು ಆಮೇಲೆ ಇರಲಿ. ಜೂಜಿನ ಚಟವನ್ನ ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆ ಪಟ್ಟಿಯಲ್ಲೇ ಸೇರಿಸಿದೆ, ಚಿಕಿತ್ಸೆ ಇದೆ. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡ್ಬೇಕಿಲ್ಲ, ಮೊದಲು ನೀವೇ ಫೋನ್ ಮಾಡಿ ಕೇಳಬಹುದು. ಹತ್ತಿರ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಅವನೇನಾದ್ರೂ ಸಾಯೋ ಮಾತಾಡಿದ್ರೆ ಸಿಟ್ಟಿಗೆ ಹೇಳ್ತಾನೆ ಅಂತ ಬಿಡ್ಬೇಡಿ, ಒಬ್ಬನೇ ಇರೋಕೆ ಬಿಡದೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಪ್ರಶ್ನೆ: ಆ್ಯಪಿಂದ 3 ಸಾವಿರ ವಿತ್‌ಡ್ರಾ ಮಾಡಿದ್ದಕ್ಕೆ ನನ್ನ ಅಕೌಂಟೇ ಫ್ರೀಜ್ ಆಗಿದೆ. ಯಾವ್ದೋ ಬೇರೆ ರಾಜ್ಯದ ಪೊಲೀಸ್ ಕಂಪ್ಲೇಂಟಂತೆ. ಒಬ್ಬ ಏಜೆಂಟ್ 5 ಸಾವಿರ ಕೊಟ್ರೆ ಓಪನ್ ಮಾಡಿಸ್ತೀನಿ ಅಂತಾನೆ. (ಶಿವಮೊಗ್ಗ)

ಉತ್ತರ: ಆ 3 ಸಾವಿರ ಆ್ಯಪ್ ಕಂಪನಿ ಅಕೌಂಟಿಂದ ಬಂದಿರಲ್ಲ. ಈ ಆ್ಯಪ್‌ಗಳು ಬಾಡಿಗೆಗೆ ತಗೊಂಡ ಯಾರ್‌ಯಾರದ್ದೋ ಅಕೌಂಟಲ್ಲಿ ದುಡ್ಡು ಓಡಿಸ್ತವೆ, ಅದರಲ್ಲಿ ಸೈಬರ್ ವಂಚನೆಯ ದುಡ್ಡೂ ಬೆರೆತಿರುತ್ತೆ, ಮೋಸ ಹೋದೋರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ ತಕ್ಷಣ ಆ ದುಡ್ಡು ಹೋದ ಅಕೌಂಟುಗಳನ್ನೆಲ್ಲ ಸಾಲಾಗಿ ತಡೀತಾರೆ. ಬ್ಯಾಂಕಿಗೆ ಬರವಣಿಗೆಯಲ್ಲಿ ಕೇಳಿ, ಯಾವ ಠಾಣೆ, ಕಂಪ್ಲೇಂಟ್ ನಂಬರೇನು, ತಡೆದಿರೋ ಮೊತ್ತ ಎಷ್ಟು ಅಂತ. ಆ ಠಾಣೆಗೆ ಸ್ಟೇಟ್‌ಮೆಂಟು, ಆ್ಯಪಿನ ಸ್ಕ್ರೀನ್‌ಶಾಟು ಇಟ್ಟು ಇಮೇಲ್ ಮಾಡಿ, ಆಡಿದ್ದು ಆಡಿದೆ ಅಂತಾನೇ ಬರೀರಿ. ಅಕೌಂಟಲ್ಲಿರೋ ಉಳಿದ ದುಡ್ಡು ಬಿಟ್ಟು ಆ 3 ಸಾವಿರ ಮಾತ್ರ ತಡೆಹಿಡೀರಿ ಅಂತ ಕೇಳ್ಕೊಳ್ಳಬಹುದು. ಟೈಮ್ ಹಿಡಿಯುತ್ತೆ, ಸಂಬಳ ಸದ್ಯಕ್ಕೆ ಬೇರೆ ಬ್ಯಾಂಕಿಗೆ ಹಾಕಿಸ್ಕೊಳ್ಳಿ. ಏಜೆಂಟಿಗೆ ಒಂದು ರೂಪಾಯಿನೂ ಕೊಡ್ಬೇಡಿ, ಮತ್ತೆ ಅವನು ನಿಮ್ಮ ಎಟಿಎಂ ಕಾರ್ಡು, ಸಿಮ್ಮು ಕೊಡಿ ಕಮಿಷನ್ ಕೊಡ್ತೀನಿ ಅಂದ್ರೆ ಅವನ ನಂಬರನ್ನೂ ಅದೇ ಇಮೇಲಲ್ಲಿ ಹಾಕಿ.