ಪೈಥಾನ್ ಅರ್ಧಕ್ಕೆ ಬಿಟ್ಟು ಜಾವಾ ಹಿಡಿಯಲಾ?

ಪ್ರಶ್ನೆ: ನಾನು ಕಾಮರ್ಸ್ ಓದಿದವಳು. ಪ್ರೋಗ್ರಾಮಿಂಗ್ ಕಲಿತು ಕೆಲಸ ಹಿಡಿಯಬೇಕು ಅಂತ ಎರಡು ತಿಂಗಳಿಂದ ಪೈಥಾನ್ ಕಲಿಯುತ್ತಿದ್ದೇನೆ. ಲೂಪ್, ಫಂಕ್ಷನ್, ಲಿಸ್ಟ್ ತನಕ ಬಂದಿದ್ದೇನೆ. ಈಗ ಒಬ್ಬರು ಜಾವಾ ಕಲಿ ಅಂತಾರೆ, ಇನ್ನೊಬ್ಬರು ಜಾವಾಸ್ಕ್ರಿಪ್ಟ್ ಅಂತಾರೆ. ಎಐ ಬಂದ ಮೇಲೆ ಕೋಡಿಂಗ್ ಕಲಿಯುವುದೇ ದಂಡ ಅನ್ನುವವರೂ ಇದ್ದಾರೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಪೈಥಾನ್ ಬಿಡಬೇಡಿ. ಅದೇ ಎಲ್ಲಕ್ಕಿಂತ ದೊಡ್ಡ ಭಾಷೆ ಅಂತಲ್ಲ. ನೀವು ಈಗ ಇರುವ ಹಂತದಲ್ಲೇ ಜಾಸ್ತಿ ಜನ ಭಾಷೆ ಬದಲಿಸುವುದು, ಏಕೆಂದರೆ ಪಾಠ ನೋಡಿಕೊಂಡು ಬರೆಯುವುದು ಮುಗಿದು ಸ್ವಂತ ತಲೆ ಓಡಿಸುವುದು ಶುರುವಾಗುವುದು ಇಲ್ಲೇ. ಈಗ ಜಾವಾಗೆ ಹೋದರೆ ಅದೇ ಲೂಪ್, ಅದೇ ಫಂಕ್ಷನ್, ಈ ಸಲ ಬ್ರಾಕೆಟ್ಟು ಸೆಮಿಕೋಲನ್ ಹಾಕಿಕೊಂಡು ಇನ್ನೊಮ್ಮೆ ಕಲಿಯುತ್ತೀರಿ, ಅಷ್ಟೇ.

ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ. 1995ರಲ್ಲಿ ಬಂದ ಜಾವಾದಲ್ಲಿ ಇವತ್ತಿಗೂ ಎಷ್ಟೋ ಬ್ಯಾಂಕು, ವಿಮಾ ಕಂಪನಿಗಳ ದೊಡ್ಡ ಸಿಸ್ಟಂಗಳು ನಡೆಯುತ್ತಿವೆ. ವೆಬ್‌ಸೈಟಿನ ಮುಂಭಾಗದ ಕೆಲಸ ಬೇಕಾದರೆ ಜಾವಾಸ್ಕ್ರಿಪ್ಟ್ ಬೇಕೇ ಬೇಕು, ಜೊತೆಗೆ ಅದರದೇ ವಿಸ್ತೃತ ರೂಪವಾದ ಟೈಪ್‌ಸ್ಕ್ರಿಪ್ಟ್ ಕೂಡ ಕೇಳುತ್ತಾರೆ. ಆದರೆ ನಿಮಗೆ ಯಾವ ಕೆಲಸ ಬೇಕು ಅಂತ ಇಬ್ಬರೂ ಕೇಳಿದ ಹಾಗಿಲ್ಲ, ಅಲ್ವಾ?

ಪೈಥಾನ್ ವಿಷಯದಲ್ಲಿ ಒಂದು ಮಾತನ್ನು ಯಾರೂ ಮೊದಲೇ ಹೇಳುವುದಿಲ್ಲ. ಬರೀ ಪೈಥಾನ್ ಗೊತ್ತು ಅಂದರೆ ಕೆಲಸ ಸಿಗುವುದು ಕಷ್ಟ. ಅದರ ಜೊತೆ ಏನಾದರೂ ಒಂದು ಇರಲೇಬೇಕು. ವೆಬ್ ಬ್ಯಾಕೆಂಡ್, ಅಂದರೆ ವೆಬ್‌ಸೈಟಿನ ಹಿಂದೆ ಸರ್ವರಿನಲ್ಲಿ ನಡೆಯುವ ಕೆಲಸ ಆದರೆ ಜ್ಯಾಂಗೋ ಅಥವಾ ಫಾಸ್ಟ್‌ಎಪಿಐ ಎಂಬ ಫ್ರೇಮ್‌ವರ್ಕ್, ಟೆಸ್ಟಿಂಗ್ ಆದರೆ ಬ್ರೌಸರನ್ನು ತಾನೇ ಓಡಿಸಿ ಪರೀಕ್ಷಿಸುವ ಸೆಲೆನಿಯಂ, ಡೇಟಾ ಅನಾಲಿಸಿಸ್ ಆದರೆ ಪಾಂಡಾಸ್ ಎಂಬ ಪೈಥಾನ್ ಲೈಬ್ರರಿ ಮತ್ತು ಡೇಟಾಬೇಸಿನಿಂದ ಮಾಹಿತಿ ಕೇಳಿ ತೆಗೆಯುವ ಭಾಷೆ ಎಸ್‌ಕ್ಯೂಎಲ್. ಪೈಥಾನ್ ಕಲಿತರೆ ನೇರವಾಗಿ ಎಐ ಕೆಲಸ ಅನ್ನುವ ಜಾಹೀರಾತುಗಳನ್ನು ನಂಬಬೇಡಿ. ಮಾಡೆಲ್ ಕಟ್ಟುವ ಹುದ್ದೆಗಳಿಗೆ ಸ್ಟ್ಯಾಟಿಸ್ಟಿಕ್ಸ್, ಲೀನಿಯರ್ ಆಲ್ಜೀಬ್ರಾ ಗಟ್ಟಿಯಾಗಿರಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಡೇಟಾ ಕಡೆಗೇ ಹೋಗುತ್ತಿದ್ದೆ. ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಅಂತ ನಿಮಗೆ ಗೊತ್ತು, ಬೇಕಾದಷ್ಟು ಪ್ರೋಗ್ರಾಮರ್‌ಗಳಿಗೆ ಅದು ಗೊತ್ತಿಲ್ಲ. ಹಾಗಾಗಿ ಮೊದಲು ಎಸ್‌ಕ್ಯೂಎಲ್ ಹಿಡಿಯಿರಿ. 1970ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ್ದು, ಇನ್ನೂ ಹಳತಾಗಿಲ್ಲ, ಮತ್ತು ಜಾವಾದವರಿಗೂ ಬೇಕು. ಜಾಯಿನ್ (ಎರಡು ಕೋಷ್ಟಕ ಜೋಡಿಸುವುದು), ಗ್ರೂಪ್ ಬೈ (ಗುಂಪು ಮಾಡಿ ಲೆಕ್ಕ ಹಾಕುವುದು) ತನಕ ಕೈ ಕೂರಬೇಕು. ಆಮೇಲೆ ಒಂದು ಪ್ರಾಜೆಕ್ಟ್: ಬ್ಯಾಂಕ್ ಸ್ಟೇಟ್‌ಮೆಂಟಿನ ಒಂದು ಸಿಎಸ್‌ವಿ (ಸಾದಾ ಪಠ್ಯದಲ್ಲಿ ಬರೆದ ಕೋಷ್ಟಕ) ಫೈಲು, ಲೆಡ್ಜರಿನ ಇನ್ನೊಂದು, ಎರಡನ್ನೂ ತಾಳೆ ನೋಡಿ ಹೊಂದದ ಎಂಟ್ರಿಗಳನ್ನು ಪಟ್ಟಿ ಮಾಡಿಕೊಡುವ ಪ್ರೋಗ್ರಾಂ. ಕೇಳಲು ಸುಲಭ. ಬರೆಯಲು ಕೂತಾಗ ದಿನಾಂಕ ಎರಡು ದಿನ ಹಿಂದೆಮುಂದೆ ಇರುತ್ತದೆ, ಒಂದೇ ಮೊತ್ತ ಎರಡು ಸಲ ಬಂದಿರುತ್ತದೆ, ಹೆಸರಿನ ಸ್ಪೆಲ್ಲಿಂಗ್ ಬೇರೆ ಇರುತ್ತದೆ. ಇದನ್ನೆಲ್ಲ ಹೇಗೆ ಬಗೆಹರಿಸಿದಿರಿ ಅಂತ ಸಂದರ್ಶನದಲ್ಲಿ ಹೇಳಿದರೆ ಹತ್ತು ಸರ್ಟಿಫಿಕೇಟಿಗಿಂತ ಜಾಸ್ತಿ ತೂಕ ಬರುತ್ತದೆ. ಕ್ಯಾಲ್ಕುಲೇಟರ್, ಟು-ಡೂ ಲಿಸ್ಟ್ ಎಲ್ಲರೂ ಮಾಡಿರುತ್ತಾರೆ.

ಎಐ ವಿಷಯಕ್ಕೂ ಇದೇ ಪ್ರಾಜೆಕ್ಟ್ ಉತ್ತರ. ಪೈಥಾನ್‌ನಲ್ಲಿ 0.1 + 0.2 ಅಂತ ಹಾಕಿ ನೋಡಿ, 0.30000000000000004 ಅಂತ ಬರುತ್ತದೆ. ಇಂಥ ದಶಮಾಂಶದ ಸಂಖ್ಯೆಗಳನ್ನು ಫ್ಲೋಟ್ ಅನ್ನುತ್ತಾರೆ; ಕಂಪ್ಯೂಟರ್ ಅವನ್ನು ಬೈನರಿಯಲ್ಲಿ, ಅಂದರೆ 0 ಮತ್ತು 1ರಲ್ಲಿ ಇಡುತ್ತದೆ, 0.1 ಅಲ್ಲಿ ಸರಿಯಾಗಿ ಕೂರುವುದಿಲ್ಲ. ಎಐ ಬರೆದುಕೊಟ್ಟ ಕೋಡ್ ಹಣದ ಲೆಕ್ಕಕ್ಕೆ ಫ್ಲೋಟ್ ಬಳಸಿದ್ದರೆ ಮೇಲ್ನೋಟಕ್ಕೆ ಎಲ್ಲಾ ಚೆನ್ನಾಗೇ ಕಾಣುತ್ತದೆ, ಲೆಕ್ಕ ಮಾತ್ರ ತಾಳೆಯಾಗುವುದಿಲ್ಲ. ಇಲ್ಲಿ ಡೆಸಿಮಲ್ (ದಶಮಾಂಶವನ್ನು ನಿಖರವಾಗಿ ಇಡುವ ಪೈಥಾನ್‌ನ ಸಂಖ್ಯಾ ಬಗೆ) ಬೇಕಿತ್ತು ಅಂತ ಗುರುತಿಸುವವರಿಗೆ ಸಂಬಳ ಕೊಡುತ್ತಾರೆ. ಎಐ ಬಳಸಿ, ಬೇಡ ಅನ್ನಲ್ಲ, ಆದರೆ ಅದು ಕೊಟ್ಟ ಒಂದೊಂದು ಸಾಲೂ ನಿಮಗೆ ಅರ್ಥವಾಗಿರಬೇಕು.

ಇಷ್ಟಾದ ಮೇಲೂ ಅನುಮಾನ ಇದ್ದರೆ ಯಾರನ್ನೂ ಕೇಳಬೇಡಿ, ನನ್ನನ್ನೂ. ನೀವು ನಿಜವಾಗಿ ಅರ್ಜಿ ಹಾಕಬಹುದಾದ ಮೂವತ್ತು ಹುದ್ದೆಗಳ ಜಾಹೀರಾತು ತೆಗೆಯಿರಿ. ಅನುಭವ ಕೇಳದವು ಮಾತ್ರ. ಯಾವ ಭಾಷೆ, ಅದರ ಜೊತೆ ಏನು ಅಂತ ಗುರುತು ಹಾಕಿಕೊಳ್ಳಿ. ಮುಕ್ಕಾಲು ಪಾಲು ಜಾವಾ ಅಂತ ಬಂದರೆ ಜಾವಾಗೆ ಹೋಗಿ, ಪ್ರಾಜೆಕ್ಟ್ ಮುಗಿಸಿ ಹೋಗಿ. ಎರಡನೇ ಭಾಷೆಗೆ ಮೊದಲನೆಯದರಷ್ಟು ಸಮಯ ಹಿಡಿಯುವುದಿಲ್ಲ.